ಹಚ್ಚದೆ ಬಿಟ್ಟ ಎಡಗೈ

ನಾರಾಯಣಖೇಡದ ಸರಕಾರಿ ದವಾಖಾನೆಯ ಕಂಪೌಂಡರ್ ಬಂಡೆಪ್ಪನವರು ಎದುರಿಗೆ ಬಂದವರ ಮುಖವನ್ನು ಮೊದಲು ನೋಡಿದ್ದನ್ನು ಕಂಡವರಿಲ್ಲ. ಅವರ ದೃಷ್ಟಿ ನೇರವಾಗಿ ಕೈಗೆ, ಕೈಯಲ್ಲೂ ಬೆರಳಸಂದಿಗೆ ಹೋಗಿ ನಿಲ್ಲುತ್ತಿತ್ತು. ತಹಸೀಲ್ದಾರ ಸಾಹೇಬರು ಸಲಾಮು ಸ್ವೀಕರಿಸುವಾಗಲೂ, ಮದುವೆಮನೆಯಲ್ಲಿ ಬೀಗರು ವೀಳ್ಯ ಕೊಡುವಾಗಲೂ ಅಷ್ಟೆ, ಅಲ್ಲಿ ಕೂದಲೆಳೆಯಷ್ಟು ಬೂದುಗೆರೆ, ಸಾಸಿವೆಯಷ್ಟು ಗುಳ್ಳೆ ಕಂಡರೆ ಸಾಕು, "ರಾತ್ರಿ ಜಾಸ್ತಿ ತುರಸ್ತದೇನ್ರಿ? ಮನ್ಯಾಗ ಎಷ್ಟ್ ಮಂದಿ ಅದೀರಿ?" ಎಂದು ಕೇಳಿಯೇಬಿಡುತ್ತಿದ್ದರು. ಹೀಗೆ ಕೇಳುವವರನ್ನು ಇನ್ನೊಂದು ಮದುವೆಗೆ ಕರೆಯುವ ಧೈರ್ಯ ಯಾರಿಗಿದ್ದೀತು?

ಅವರ ಕಪ್ಪು ಶೇರವಾನಿಯ ತೋಳಂಚು ಗಂಧಕದಿಂದ ಹಳದಿಗಟ್ಟಿತ್ತು. ಗಂಧಕವನ್ನು ನುಣ್ಣಗೆ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸುವ ಕೆಲಸ ಹಗಲಿಡೀ ನಡೆಯುತ್ತಿದ್ದುದರಿಂದ ಅದರ ವಾಸನೆ ಅವರಿಗಿಂತ ಹತ್ತು ಮಾರು ಮುಂದೆಯೇ ಬೀದಿಗೆ ಬರುತ್ತಿತ್ತು. ಅವರಾದರೋ ಯಾರ ಮೈಗೂ ತಾಗದಂತೆ ಗೋಡೆಯ ಪಕ್ಕದಲ್ಲಿ, ಒಂದು ಭುಜ ಒಳಗೆಳೆದುಕೊಂಡು ನಡೆಯುತ್ತಿದ್ದರು. ಅವರಿಗೆ ಕಜ್ಜಿಯಿಲ್ಲವೆಂಬುದು ಊರಿಗೆಲ್ಲ ಗೊತ್ತು. ಆದರೂ ಹೋಟೆಲಿನವರು ಅವರ ಚಹಾದ ಬಶಿಯನ್ನು ಬೆರಳತುದಿಯಿಂದ ದೂಡುತ್ತಿದ್ದರು. ಬಂಡೆಪ್ಪನವರು ಅದಕ್ಕೆ ಬೇಸರ ತೋರಿಸುತ್ತಿರಲಿಲ್ಲ, ದೂಡಿದ ಕೈಯ ಬೆರಳಸಂದಿಯನ್ನು ನೋಡಿಕೊಂಡು ಸುಮ್ಮನೆ ಕುಡಿಯುತ್ತಿದ್ದರು.

ಔಷಧ ಕೊಡುವುದರಲ್ಲಿ ಮಹಾ ಹಟಮಾರಿ. ಒಬ್ಬರಿಗೆಂದು ಕೇಳಿದರೆ ಕೊಡುತ್ತಲೇ ಇರಲಿಲ್ಲ. "ತುರಸವ್ರೂ ಬರ್ರಿ, ತುರಸಲಾರದವ್ರೂ ಬರ್ರಿ" ಎಂದು ಮನೆಮಂದಿಯನ್ನೆಲ್ಲ ನಿಲ್ಲಿಸಿ, ಕುತ್ತಿಗೆಯಿಂದ ಕಾಲಿನ ಉಂಗುಟದವರೆಗೆ ಒಂದೇ ಸಂಜೆ ಎಲ್ಲರಿಗೂ ಮುಲಾಮು, ಹಾಗೆ ಮೂರು ದಿನ. ಉಟ್ಟ ಬಟ್ಟೆ ಕುದಿವ ನೀರಿಗೆ, ಹೊದೆವ ಕೌದಿ ಬಿಸಿಲಿಗೆ. ನನಗೇನಾಗಿದೆ ಎಂದು ಸಿಡುಕುವ ಯಜಮಾನನಿಗೆ, ತುರಿಕೆ ಏಳುವ ಎಷ್ಟೋ ವಾರ ಮೊದಲೇ ಕಜ್ಜಿಹುಳ ಚರ್ಮದೊಳಗೆ ಬೂದುಗೆರೆ ಕೊರೆದು ಮನೆ ಕಟ್ಟಿರುತ್ತದೆಂದು ತಾಳ್ಮೆಯಿಂದ ತಿಳಿಹೇಳುತ್ತಿದ್ದರು. ಕೊನೆಗೆ ಅವನ ಎಡಗೈಯನ್ನು ಹಿಡಿದು, ಅಂಗೈಗೆ ತಾವೇ ಹಚ್ಚುತ್ತಿದ್ದರು.

ಆ ಎಡಗೈಯ ಹಿಂದೆ ಅವರ ಸಂಸಾರದ ಕಥೆಯಿತ್ತು. ಮದುವೆಯಾದ ಮರುವರ್ಷ ದವಾಖಾನೆಯ ಕಜ್ಜಿ ಮನೆಗೂ ಬಂತು. ಹೆಂಡತಿ ಸುಗಲಾಬಾಯಿಗೆ ಶಾಸ್ತ್ರೋಕ್ತವಾಗಿ ಮುಲಾಮು ಹಚ್ಚಿಸಿ, ತಾವೂ ಹಚ್ಚಿಕೊಂಡರು. ಎಡ ಅಂಗೈ ಒಂದನ್ನು ಬಿಟ್ಟು. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನಿಟ್ಟು ಪೂಜಿಸುವ ಕೈ ಅದು; ಅದಕ್ಕೆ ಗಂಧಕ ಬಳಿಯುವುದೆಂದರೇನು! "ಲಿಂಗದ ಜಾಗಾ ಅದು, ಬಿಡು" ಎಂದು ಹೆಂಡತಿಗೂ ಹೇಳಿದರು. ತುರಿಕೆ ಮೂರು ಸಲ ಹೋಗಿ ಮೂರು ಸಲ ಬಂತು. ಅಂಗೈ ಕಡಿದದ್ದನ್ನು ಅವರು ಗಂಧಕದ ಉರಿಯೆಂದೇ ತಿಳಿದರು. ಕಜ್ಜಿ ಅಳಿಯನ ರಕ್ತದಲ್ಲೇ ಇದೆ ಎಂದು ತಾಂಡೂರಿನ ಅತ್ತೆ-ಮಾವ ಮಗಳನ್ನು ಕರೆದುಕೊಂಡು ಹೋದರು.

ಎರಡು ತಿಂಗಳ ನಂತರ ನ್ಯಾಲ್ಕಲ್ಲಿನ ಶಂಕ್ರೆಪ್ಪ ಎಂಬ ರೈತನ ಕೈ ನೋಡುವಾಗ ಬಲಗೈ ಸ್ವಚ್ಛ, ಎಡಗೈ ತುಂಬ ಬೂದುಗೆರೆ! ಕೇಳಿದರೆ, "ಪೂಜಿ ಕೈಗಿ ಹ್ಯಾಂಗ್ ಹಚ್ಚಾದ್ರಿ?" ಎಂದ. ಬಂಡೆಪ್ಪನವರು ತಮ್ಮ ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಅಲ್ಲೂ ಅದೇ ಬೂದುಗೆರೆ. ಪೂಜೆಗೆ ಮೊದಲು ತೊಳೆದು, ಪೂಜೆ ಮುಗಿದ ಮೇಲೆ ಮತ್ತೆ ಹಚ್ಚಿಕೊಂಡಿದ್ದರೆ ಲಿಂಗಕ್ಕೂ ಅಪಚಾರವಿಲ್ಲ, ಸಂಸಾರವೂ ಉಳಿಯುತ್ತಿತ್ತು. ಇಷ್ಟನ್ನೂ ಬರೆದು ತಾಂಡೂರಿಗೆ ಎರಡು ಪತ್ರ ಹಾಕಿದರು. ಉತ್ತರ ಬರಲಿಲ್ಲ.

ಒಂಬತ್ತು ವರ್ಷ ಕಳೆದು ಒಂದು ದಿನ ಹೆಂಡತಿಯ ತಮ್ಮ ಮಾಣಿಕ ದವಾಖಾನೆಯ ಬಾಗಿಲಲ್ಲಿ ಬಂದು ನಿಂತ. "ಮನಿ ಮಂದಿಗೆಲ್ಲಾ ಹತ್ತ್ಯದ್ರಿ, ಭಾವಾ. ಯಾವ ದವಾನೂ ನಡೀವಲ್ದು." ಬಂಡೆಪ್ಪನವರು ಮುಲಾಮಿನ ಡಬ್ಬಿ ಹಿಡಿದು ಜಹೀರಾಬಾದಿಗೆ ಬಂದು ರೈಲು ಹತ್ತಿದರು. ಹೆಂಡತಿಯನ್ನು ಮರಳಿ ಕರೆತರಬೇಕೆಂಬ ಒಂದೇ ಆಸೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡರು.

ತಾಂಡೂರಿನ ಆ ಪಡಸಾಲೆಯಲ್ಲಿ ಎಡಗೈ ಚಾಚಲು ಹಿರಿಯರು ಯಾರೂ ಒಪ್ಪಲಿಲ್ಲ. ಆಗ ಒಳಗಿನಿಂದ ಸುಗಲಾಬಾಯಿ ಬಂದು, "ನನಗ ತುರಿಕಿ ಇಲ್ರಿ. ಆದ್ರೂ ಹಚ್ಚರಿ" ಎಂದು ತನ್ನ ಎಡ ಅಂಗೈಯನ್ನು ಅವರ ಮುಂದೆ ಹಿಡಿದಳು. ಬಂಡೆಪ್ಪನವರು ಬೆರಳಸಂದಿಗಳನ್ನು ಒಂದೊಂದಾಗಿ ನೋಡಿದರು, ಒಂದೊಂದಾಗಿ ಹಚ್ಚಿದರು. ಎಲ್ಲರೂ ಒಬ್ಬೊಬ್ಬರಾಗಿ ಸಾಲಿಗೆ ಬಂದರು. ಹೊರಡುವಾಗ ಅವಳು ಹೊಸ್ತಿಲ ತನಕ ಬಂದು ಕೇಳಿದಳು: "ಮೂರ್ ದಿನಾ ಹಚ್ಚಬೇಕಲ್ರಿ? ನಾಳಿಗಿ ನನಗ ಯಾರ್ ಹಚ್ಚವ್ರು?"

"ಏನ್ ದೊಡ್ಡ ಕೆಲಸ? ನಿನ್ನ ಕೈಲೇ ಹಚ್ಚಿಕೋಬಹುದು. ಪೂಜಿ ಆದ ಮ್ಯಾಲ ಮರೀಬ್ಯಾಡ" ಎಂದು ಬಂಡೆಪ್ಪನವರು ಡಬ್ಬಿಯನ್ನು ಅವಳ ಕೈಗಿಟ್ಟರು.

ತಾವು ಏನು ಹೇಳಿ ಬಂದೆವೆಂಬುದು ಅವರಿಗೆ ಹೊಳೆದದ್ದು ಗಾಡಿ ತಾಂಡೂರು ದಾಟಿದ ಮೇಲೆ. ಮುಖ ನೋಡಿದ್ದರೆ ತಿಳಿಯುತ್ತಿತ್ತು. ಅವರು ನೋಡಿದ್ದು ಕೈಯನ್ನು.

ಐದನೆಯ ದಿನ ಮಾಣಿಕ ಖಾಲಿ ಡಬ್ಬಿಯನ್ನು ಹಿಂದಕ್ಕೆ ತಂದುಕೊಟ್ಟ. ಒಳಗೆ ಚೀಟಿಯಿರಲಿಲ್ಲ, ಚೆನ್ನಾಗಿ ಬೆಳಗಿ ಒರೆಸಿದ್ದರು. ಬಂಡೆಪ್ಪನವರಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಪರರ ನೋವಿನ ಗೆರೆಯನ್ನು ಕೂದಲೆಳೆಯಷ್ಟಿದ್ದರೂ ಗುರುತಿಸಬಲ್ಲವರು. ತಮ್ಮತ್ತ ಚಾಚಿದ ಕೈಯನ್ನು ಮಾತ್ರ ಬರೀ ಚಿಕಿತ್ಸೆಗೆ ಬಂದ ಕೈಯೆಂದು ತಿಳಿದು, ಶ್ರದ್ಧೆಯಿಂದ ಔಷಧ ಹಚ್ಚಿ, ಬಿಟ್ಟುಬಿಡುತ್ತಾರೆ.