ಮನೆ ಎಂದು ಬರೆದ ಡಿಸ್ಕು

ಅವ್ವನ ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕಿತ್ತೋ?

ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತಿದ್ದ ನಾಗಶ್ರೀಗೆ ಈ ಪ್ರಶ್ನೆ ಎಲ್ಲಿಂದಲೋ ಬಂದು ಎದೆಗೆ ತಗುಲಿಕೊಂಡಿತು. ಎಡಕ್ಕೆ ಅಂದುಕೊಂಡಳು. ಕಣ್ಣು ಮುಚ್ಚಿ ಅವ್ವನ ಮುಖ ತಂದುಕೊಂಡರೆ ಬಲಕ್ಕೆ ಮಿನುಗಿತು. ಮತ್ತೊಮ್ಮೆ ಮುಚ್ಚಿದಳು. ಈ ಸಲ ಮುಖವೇ ಸರಿಯಾಗಿ ಬರಲಿಲ್ಲ. ಹನೂರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ ಕೇಳಿದರೆ ಒಂದು ಗಳಿಗೆಯ ಕೆಲಸ. ಆದರೆ ಹೆತ್ತವಳು ಹೋಗಿ ವರ್ಷ ತುಂಬುವುದರೊಳಗೆ ಮುಖ ಮರೆತೆ ಎಂದು ಯಾವ ಬಾಯಲ್ಲಿ ಹೇಳುವುದು? ಗೋಡೆಯ ಮೇಲಾದರೂ ನೋಡೋಣವೆಂದರೆ ಗೋಡೆ ಬೋಳು.

ಹಾಗೆ ನೋಡಿದರೆ ಅದು ಫೋಟೋ ತೆಗೆಯುವವನ ಮನೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಅಪ್ಪ ಶಿವರುದ್ರಸ್ವಾಮಿಯ ಸ್ಟುಡಿಯೋ. ಹನೂರಿನಿಂದ ಯಳಂದೂರಿನವರೆಗೆ ಅವನು ಪಟ ತೆಗೆಯದ ಮದುವೆ ಕಡಿಮೆ. ತೆಗೆಯದ ಸಾವೂ ಕಡಿಮೆಯೇ. ಅವರ ಜನ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹೂವು ಮುಡಿಸಿ, ಅಂಗೈಗೆ ಲಿಂಗ ಕೊಟ್ಟು ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮನೆಮಂದಿಯೆಲ್ಲ ಸುತ್ತ ನಿಂತು ಕೊನೆಯ ಪಟ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಶಿವರುದ್ರಸ್ವಾಮಿಯೇ ಬರಬೇಕು. ಎಂಥ ಅಳುವಿನ ನಡುವೆಯೂ ಅವನ ಕೈ ನಡುಗುವುದಿಲ್ಲ ಎಂದು ಹೆಸರು.

ಊರವರ ಪಟಗಳೆಲ್ಲ ಪ್ರಿಂಟಾಗಿ, ಆಲ್ಬಮ್ಮಾಗಿ, ಕಟ್ಟು ಹಾಕಿಸಿಕೊಂಡು ಊರವರ ಗೋಡೆ ಸೇರುತ್ತಿದ್ದವು. ಮನೆಯವು ಮಾತ್ರ ಹಾರ್ಡ್ ಡಿಸ್ಕಿನಲ್ಲೇ ಉಳಿದವು. "ನಮ್ಮವೇ ತಾನೆ, ಎಲ್ಲಿಗೋಯ್ತವೆ? ಸೀಜನ್ ಮುಗೀಲಿ, ಪ್ರಿಂಟ್ ಆಕುದ್ರಾಯ್ತು" ಅನ್ನುತ್ತಿದ್ದ ಅಪ್ಪ. ಸೀಜನ್ ಮುಗಿದದ್ದೇ ಇಲ್ಲ. ಅಕ್ಕ ಮಾಲಿನಿಯ ಮದುವೆಗೆ ತಾನೇ ಓಡಾಡಿ ಪಟ ತೆಗೆದವನು ಅವಳಿಗೆ ಇವತ್ತಿನವರೆಗೆ ಆಲ್ಬಮ್ ಕೊಟ್ಟಿಲ್ಲ. ಗಿರಾಕಿಗಳದ್ದನ್ನು ಎರಡೆರಡು ಡಿಸ್ಕಿನಲ್ಲಿ ಇಡುತ್ತಿದ್ದವನು ಮನೆಯದನ್ನು ಒಂದರಲ್ಲೇ ಇಟ್ಟು, ಮೇಲೆ ಬಿಳಿ ಪಟ್ಟಿ ಅಂಟಿಸಿ 'ಮನೆ' ಎಂದು ಬರೆದಿದ್ದ.

ಅವ್ವನೋ, ಯಾರಾದರೂ ಮೊಬೈಲು ಎತ್ತಿದರೆ ಸೆರಗು ಅಡ್ಡ ಹಿಡಿದು ಓಡುವವಳು. "ನಿಮ್ಮಪ್ಪನ ಕ್ಯಾಮ್ರಾ ಬುಟ್ರೆ ಇನ್ಯಾವುದ್ಕೂ ನಿಲ್ಲದಿಲ್ಲ ನಾನು" ಅನ್ನುತ್ತಿದ್ದಳು. ಆದ್ದರಿಂದ ಅವಳು ಹೋದ ಹನ್ನೊಂದನೆಯ ದಿನದ ಫ್ಲೆಕ್ಸಿಗೆ ಆಧಾರ್ ಕಾರ್ಡಿನ ಮುಖವೇ ಗತಿಯಾಯಿತು. ಮೂಗುಬೊಟ್ಟೂ ಕಾಣದಷ್ಟು ಮಸುಕಾಗಿ, ಕದ್ದು ಸಿಕ್ಕಿಬಿದ್ದವಳ ಹಾಗಿದ್ದ ಆ ಮುಖ ನೋಡಿ ಮಾಲಿನಿ ಗೊಳೋ ಎಂದು ಅತ್ತಳು. ಅಪ್ಪ ಅವಳ ತಲೆ ನೇವರಿಸಿ, "ಸುಮ್ಕಿರವ್ವ, ವರ್ಷದ ಕಾರ್ಯಕ್ಕೆ ಬೆಟ್ಟದ ಪಟ ಆಕುಸ್ತೀನಿ" ಎಂದು ಮಾತು ಕೊಟ್ಟ.

ಬೆಟ್ಟದ ಪಟವೆಂದರೆ ಬಿಳಿಗಿರಿರಂಗನ ಬೆಟ್ಟದಲ್ಲಿ ತೆಗೆದದ್ದು. ಕೋತಿಯೊಂದು ಅವ್ವನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಹೋಗಿ, ಅವಳು ಸಿಟ್ಟು ಮಾಡಲು ಹೋಗಿ ನಕ್ಕುಬಿಟ್ಟ ಆ ಕ್ಷಣ. ಅಕ್ಕತಂಗಿಯರಿಬ್ಬರೂ ಅದನ್ನು ಅಪ್ಪನ ಕಂಪ್ಯೂಟರಿನಲ್ಲಿ ಒಂದೇ ಒಂದು ಸಲ ನೋಡಿದ್ದರು.

ಯುಗಾದಿ ಕಳೆದ ಮೇಲೆ ಅಪ್ಪ ಹೊಸ ಮಾತು ತೆಗೆದ. ಡಿಸ್ಕುಗಳೆಲ್ಲ ಹಳೆಯವು, ಹಾಗೆಲ್ಲ ಮುಟ್ಟಬಾರದು. ಮೊದಲು ಮನೆಗೊಂದು ಸ್ಟೋರೇಜ್ ಪೆಟ್ಟಿಗೆ ಆಗಲಿ. ವೈಫೈಗೆ ಸೇರಿಸಿಬಿಟ್ಟರೆ ಎಲ್ಲರ ಫೋನಿಗೂ ಕಂಪ್ಯೂಟರಿಗೂ ಪಟ ಸಿಗುತ್ತವೆ. ಎಲ್ಲವನ್ನೂ ಅದಕ್ಕೆ ತುಂಬಿ ಆಮೇಲೆ ಪ್ರಿಂಟು. ಪೆಟ್ಟಿಗೆ ಆಗಬೇಕೆಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ಕೊಳ್ಳುವುದೋ ಕಟ್ಟುವುದೋ ಎಂಬಲ್ಲಿ ಗಂಟು ಬಿತ್ತು.

ಗಂಟು ಹಾಕಿದವನು ಚಿಕ್ಕಪ್ಪ ಮಲ್ಲಿಕಾರ್ಜುನಸ್ವಾಮಿ. ಯಳಂದೂರಿನಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಭಾನುವಾರ ಹಳೆಯ ಕಂಪ್ಯೂಟರಿನ ಡಬ್ಬವೊಂದನ್ನು ಬೈಕಿನ ಹಿಂದೆ ಮದುಮಗಳನ್ನು ಕೂರಿಸಿಕೊಂಡ ಹಾಗೆ ಜೋಪಾನವಾಗಿ ತಂದು ಹಜಾರದಲ್ಲಿ ಇಳಿಸಿದ.

"ನೋಡಣ್ಣ, ಇದ್ಕೆ ಎರಡು ಹೊಸಾ ಡಿಸ್ಕ್ ತಂದಾಕುದ್ರೆ ಮುಗೀತು. ಸಾಫ್ಟ್‌ವೇರು ಬಿಟ್ಟಿ ಸಿಕ್ತದೆ. ಒಂದ್ರಲ್ಲಿ ಬರ್ದಿದ್ದು ಇನ್ನೊಂದ್ರಲ್ಲೂ ಬರ್ಕತದೆ. ಒಂದು ಸತ್ರೂ ಇನ್ನೊಂದು ಇರ್ತದೆ."

"ನೀನು ಕಟ್ಟಿಕೊಟ್ಟ ಸ್ಕೂಟ್ರು ನ್ಯಾಪಕ ಅದೆ ಕಣ್ಲಾ," ಅಂದ ಅಪ್ಪ. "ಕುಂತೂರಿಂದ ಇಲ್ಲೀಗಂಟ ತಳ್ಕಂಡು ಬಂದೆ. ಕಬ್ಬಿನ ಟ್ರ್ಯಾಕ್ಟ್ರೋರೆಲ್ಲ ಕೈ ಬೀಸ್ಕಂಡು ಓದ್ರು."

"ಸ್ಕೂಟ್ರೇ ಬ್ಯಾರೆ, ಇದೇ ಬ್ಯಾರೆ."

"ಅಂಗ್ಡೀಲಿ ರೆಡಿ ಸಿಕ್ತದಂತೆ. ತರೋದು, ವೈರ್ ಸಿಗ್ಸೋದು. ಇಷ್ಟೇ ಇರ್ತದೆ, ಸದ್ದೂ ಇಲ್ಲ."

"ಅದು ಕೆಟ್ರೆ? ಅದೇ ಕಂಪ್ನೀದೇ ಇನ್ನೊಂದು ತರ್ಬೇಕು. ಅವ್ರದೇ ಬೀಗ, ಅವ್ರದೇ ಕೀ. ನಾನ್ ಕಟ್ಟಿದ್ದು ಕೆಟ್ರೆ, ಡಿಸ್ಕ್ ಬಿಚ್ಚಿ ಯಾವ ಕಂಪ್ಯೂಟ್ರಿಗಾರಾ ಆಕ್ಬೌದು."

"ಕೆಟ್ರೆ ಅನ್ಬ್ಯಾಡ ಕಣ್ಲಾ. ಕೆಟ್ಟಾಗ ಅನ್ನು."

ಇಬ್ಬರೂ ನಕ್ಕು, ಇಬ್ಬರೂ ಒಟ್ಟಿಗೆ ನಾಗಶ್ರೀಯ ಕಡೆ ತಿರುಗಿದರು. "ನೀನೇ ಏಳವ್ವ, ಬಿಸಿಎ ಮಾಡಿದ್ದೀಯೆ. ಕೊಳ್ಳೋದಾ, ಕಟ್ಟೋದಾ?" ಅಂದ ಅಪ್ಪ.

ನಾಲ್ಕು ಜನ ನೋಡಿದರೆ ನಾಲಿಗೆ ಒಣಗುವ ಹುಡುಗಿ ಅವಳು. ಕಾಲೇಜಿನಲ್ಲಿ ಹಾಜರಿ ಕೂಗುವಾಗಲೂ ಅವಳ 'ಎಸ್ ಸಾರ್' ಮುಂದಿನ ಬೆಂಚಿನವರೆಗೆ ತಲುಪುತ್ತಿರಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ, "ಎರಡೂ ಆಯ್ತದೆ" ಅಂದಳು.

"ಸರಿಯಾಗೇಳ್ದೆ, ಬುಡು" ಅಂದ ಚಿಕ್ಕಪ್ಪ.

ಆಷಾಢ ಬಂತು. ಮದುವೆಗಳಿಲ್ಲದ ತಿಂಗಳು. ಅಪ್ಪ ಹನೂರಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಸ್ಟುಡಿಯೋದ ಬೀರುವಿನಿಂದ 'ಮನೆ' ಡಿಸ್ಕನ್ನು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಬೆಟ್ಟದ ಪಟವೊಂದನ್ನು ಫೋನಿಗೆ ಹಾಕಿಕೊಳ್ಳಬೇಕು, ಅಷ್ಟೇ. ಡಿಸ್ಕು ಟಕ್ ಟಕ್ ಎಂದಿತು. ಸ್ವಲ್ಪ ಸುಮ್ಮನಾಯಿತು. ಮತ್ತೆ ಟಕ್ ಟಕ್. ಪರದೆಯ ಮೇಲೆ ಏನೂ ಬರಲಿಲ್ಲ. ವೈರು ಬದಲಾಯಿಸಿದಳು, ದೇವರ ಮುಂದೆ ಇಟ್ಟು ತಂದು ಮತ್ತೆ ಸಿಕ್ಕಿಸಿದಳು. ಅದೇ ಸದ್ದು.

ಮರುದಿನ ಇಂಟರ್‌ವ್ಯೂ ಎಂದು ಅಪ್ಪನಿಗೆ ಸುಳ್ಳು ಹೇಳಿ ಮೈಸೂರಿನ ಬಸ್ಸು ಹತ್ತಿದಳು. ಕೆಟ್ಟ ಡಿಸ್ಕುಗಳಿಂದ ಕಳೆದದ್ದನ್ನು ತೆಗೆದುಕೊಡುವ ಅಂಗಡಿಯೊಂದು ಮಹಡಿಯ ಮೇಲಿತ್ತು. ಅಲ್ಲಿದ್ದವನು ಡಿಸ್ಕನ್ನು ತಿರುಗಿಸಿ ಬಿಳಿ ಪಟ್ಟಿ ನೋಡಿದವನೇ ತಲೆಯೆತ್ತಿದ.

"ಇದನ್ನ ಆಗಲೇ ನೋಡಿ ಹೇಳಿದ್ದೆನಲ್ಲಮ್ಮ. ಕೊಳ್ಳೇಗಾಲದ ಯಜಮಾನರೊಬ್ಬರು ತಂದಿದ್ದರು, ವಿಭೂತಿ ಇಟ್ಟವರು. ಒಳಗಿನ ತಟ್ಟೆಯೇ ಕೆರೆದು ಪುಡಿ ಎದ್ದಿದೆ. ಏನೂ ಉಳಿದಿಲ್ಲ."

"ಯಾವಾಗ ತಂದಿದ್ರು?"

"ಯುಗಾದಿ ಹಿಂದುಮುಂದು. ಪಾಪ, ಆ ಸ್ಟೂಲಿನ ಮೇಲೆ ತುಂಬಾ ಹೊತ್ತು ಕೂತಿದ್ದರು. ಕಾಫಿ ತರಿಸಿಕೊಟ್ಟೆ, ಕುಡಿಯಲಿಲ್ಲ."

ಬಸ್ಸಿನ ಕಿಟಕಿಗೆ ತಲೆ ಆನಿಸಿ ಬರುವಾಗ ಅವಳಿಗೆ ಎಲ್ಲ ಒಂದೊಂದಾಗಿ ಅರ್ಥವಾಯಿತು. ಯುಗಾದಿ ಕಳೆದ ಮೇಲೆಯೇ ಪೆಟ್ಟಿಗೆಯ ಮಾತು ಹುಟ್ಟಿದ್ದು. ಪೆಟ್ಟಿಗೆ ಬರದಿರುವವರೆಗೆ ಡಿಸ್ಕನ್ನು ಯಾರೂ ತೆರೆಯುವಂತಿಲ್ಲ. ತೆರೆಯದಿರುವವರೆಗೆ ಅದರೊಳಗೆ ಅವ್ವ ನಗುತ್ತಲೇ ಇರುತ್ತಾಳೆ.

ಡಿಸ್ಕನ್ನು ಇದ್ದಲ್ಲೇ ಇಟ್ಟಳು. ಸಂಜೆ ಮುದ್ದೆ ಮುರಿಯುತ್ತ ಅಪ್ಪ, "ಪೆಟ್ಟಿಗೆ ಬರ್ಲಿ ಕಣವ್ವ, ಮೊದ್ಲು ನಿಮ್ಮವ್ವನ್ನೇ ಅದ್ಕೆ ಆಕದು" ಅಂದ. ಮುರಿದ ತುತ್ತನ್ನು ಅವನು ತಟ್ಟೆಯಲ್ಲೇ ಹೊರಳಿಸುತ್ತಿದ್ದುದನ್ನು ಅವಳು ನೋಡಿದಳು. ನೀರಿನ ಲೋಟವನ್ನು ಅವನ ಕಡೆ ಸರಿಸಿದಳು, ಅಷ್ಟೇ.

ಅಂದಿನಿಂದ ಆ ಜಗಳಕ್ಕೆ ಸೌದೆ ಹಾಕುವವಳು ಅವಳೇ ಆದಳು. ಅಪ್ಪನ ಕೈ ಮೇಲಾದರೆ, "ರೆಡಿ ಪೆಟ್ಟಿಗೆ ಸ್ವಲ್ಪ ವರ್ಷ ಆದ್ಮೇಲೆ ಅಪ್ಡೇಟ್ ನಿಲ್ಲುಸ್ಬುಡ್ತಾರಂತೆ" ಅನ್ನುವಳು. ಚಿಕ್ಕಪ್ಪ ಗೆಲ್ಲುವ ಹಾಗೆ ಕಂಡರೆ, "ಹಳೇ ಕಂಪ್ಯೂಟ್ರು ಹಗಲೂ ರಾತ್ರಿ ಉರುದ್ರೆ ಕರೆಂಟು ಜಾಸ್ತಿ ಎಳೀತದೆ" ಅನ್ನುವಳು. ಯುಪಿಎಸ್ ಬೇಕೋ ಬೇಡವೋ ಎಂಬುದೊಂದರಲ್ಲೇ ಶ್ರಾವಣ ಕಳೆಯಿತು. ಚಿಕ್ಕಪ್ಪನಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ. "ನಿನ್ ಮಗ್ಳು ವಕೀಲಿ ಓದ್ಬೇಕಾಗಿತ್ತು ಕಣಣ್ಣ" ಎಂದು ನಗುತ್ತಿದ್ದ. ಅಪ್ಪ ಅವಳನ್ನು ನೋಡಿ ಹಗುರಾಗುತ್ತಿದ್ದ. ಆ ಹಗುರವನ್ನು ಕಂಡಾಗಲೆಲ್ಲ ಅವಳು, ಒಂದೇ ಹೆಣವನ್ನು ಇಬ್ಬರೂ ಬೇರೆ ಬೇರೆ ಹೊತ್ತು ತಿರುಗುತ್ತಿದ್ದೇವಲ್ಲ ಎಂದುಕೊಳ್ಳುವಳು. ಅಪ್ಪನಿಗೆ ಗೊತ್ತಿಲ್ಲದ್ದು ಒಂದೇ: ಅವಳಿಗೂ ಗೊತ್ತು ಎಂಬುದು.

ವರ್ಷದ ಕಾರ್ಯ ಹತ್ತಿರ ಬಂದಾಗ ಮಾಲಿನಿ ಹನೂರಿನಿಂದ ಬಂದಿಳಿದಳು. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಕೊಂಡ್ಕಳಿ, ಕಟ್ಕಳಿ, ಏನಾರಾ ಮಾಡ್ಕಳಿ. ಅವ್ವನ ಪಟ ಕೊಡಿ ನಂಗೆ. ಕಟ್ಟು ಆಕೋನ್ಗೆ ಏಳ್ಬುಟ್ಟು ಬಂದಿವ್ನಿ. ಮದ್ವೆ ಆಲ್ಬಮ್ಮಂತೂ ನನ್ ಮಕ್ಕಳ ಮದ್ವೇಗಾರಾ ಬತ್ತದೋ ಇಲ್ವೋ."

"ಬತ್ತದೆ ಬುಡವ್ವ" ಅಂದ ಅಪ್ಪ, ಎತ್ತಲೋ ನೋಡುತ್ತ.

ಚಿಕ್ಕಪ್ಪನಿಗೆ ಇಷ್ಟೇ ಸಾಕಾಗಿತ್ತು. ಮರುದಿನ ಬೆಳಗ್ಗೆಯೇ ಹೊಸ ಡಿಸ್ಕುಗಳೊಡನೆ ಬಂದು, ಹಜಾರದಲ್ಲಿ ಚಾಪೆ ಹಾಸಿ, ಸ್ಕ್ರೂ ಬಿಚ್ಚಿ ಪೆಟ್ಟಿಗೆ ಕಟ್ಟಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅದು ಗುಂಯ್ ಎಂದು ಉಸಿರಾಡತೊಡಗಿತು. ಸ್ಟುಡಿಯೋದ ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಸಿಕ್ಕಿಸಿದ. ಪಟಗಳು ಟಿವಿಯ ಮೇಲೆ ಮೂಡಿದವು. ಊರೂರಿನ ಮದುವೆಗಳು, ಊರೂರಿನ ಸಾವುಗಳು. ಯಾರದೋ ಅವ್ವಂದಿರು ಮಗಳನ್ನು ಧಾರೆಯೆರೆದು ಅಳುತ್ತಿದ್ದರು, ಯಾರದೋ ಅವ್ವಂದಿರು ಹೂವಿನ ನಡುವೆ ಕಣ್ಣು ಮುಚ್ಚಿ ಕೂತಿದ್ದರು. ಎಲ್ಲವೂ ನೆಟ್ಟಗಿದ್ದವು, ಒಂದೂ ಕೆಟ್ಟಿರಲಿಲ್ಲ. ಆ ಎಷ್ಟೋ ಮದುವೆಗಳಲ್ಲಿ ಅಪ್ಪನ ಪಕ್ಕ ನಿಂತು ಲೈಟು ಹಿಡಿಯುತ್ತಿದ್ದವಳು ಅವ್ವ. ಎಲ್ಲರ ಮುಖಕ್ಕೂ ಬೆಳಕು ಬಿಟ್ಟವಳು ಒಂದು ಪಟದೊಳಗೂ ಇರಲಿಲ್ಲ.

"ಕ್ಯಾಮ್ರಾ ಬ್ಯಾಗ್ನಲ್ಲಿರೋ ಕಾರ್ಡೂ ಆಕ್ಬುಡಣ" ಎಂದು ಚಿಕ್ಕಪ್ಪ ಬ್ಯಾಗಿಗೆ ಕೈ ಹಾಕಿದ. ಅಪ್ಪ "ಬ್ಯಾಡ" ಅನ್ನುವಷ್ಟರಲ್ಲಿ ಅದು ಟಿವಿಗೆ ಬಂದಿತ್ತು.

ಅವ್ವ ಬಂದಳು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಕತ್ತು ವಾಲದಂತೆ ಹಿಂದಿನಿಂದ ಕಟ್ಟಿದ ಬಟ್ಟೆ. ಸುತ್ತ ಮನೆಯವರೆಲ್ಲ ನಿಂತಿದ್ದರು, ತೆಗೆದವನೊಬ್ಬನ ಹೊರತು. ಪಟ ಒಂದಿಷ್ಟೂ ಅಲುಗಿರಲಿಲ್ಲ. ಅಪ್ಪನ ಕೈ ಆ ದಿನವೂ ನಡುಗಿರಲಿಲ್ಲ.

ಮಾಲಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ತೆಗೀ ಚಿಕ್ಕಪ್ಪ ಇದ. ಇದ ಗೋಡೆಗೆ ಆಕದಿಲ್ಲ. ನಗೋದು ಆಕು. ಬೆಟ್ಟದ್ದು."

"'ಮನೆ' ಡಿಸ್ಕ್ ಕೊಡಣ್ಣ" ಎಂದು ಚಿಕ್ಕಪ್ಪ ಕೈ ಚಾಚಿದ.

ಡಿಸ್ಕು ಅಪ್ಪನ ತೊಡೆಯ ಮೇಲಿತ್ತು. ಎರಡೂ ಕೈ ಅದರ ಮೇಲಿದ್ದವು. "ಇದು ಬಿಸಿ ಆಯ್ತದೆ ಕಣ್ಲಾ, ನಿನ್ ಪೆಟ್ಟಿಗೆ. ಸದ್ದು ಬ್ಯಾರೆ ಮಾಡ್ತದೆ. ಇದ್ಕೆ ಆಕ್ದು ಬ್ಯಾಡ."

"ಇಷ್ಟ್ ಹೊತ್ತೂ ಆಕಿಲ್ವಾ? ಏನಾಯ್ತು ಈಗ?"

"ಅವೆಲ್ಲ ಊರೋರವು. ಇದು ನಮ್ದು. ಕೊಂಡಿದ್ದೇ ಆಗ್ಬೇಕು ಇದ್ಕೆ. ಒಳ್ಳೇದು ಕೊಂಡ್ಕಳಣ. ಒಂದೆರಡು ತಿಂಗಳು ತಡ್ಕಳಿ."

"ಕಾರ್ಯ ಸೋಮಾರ ಅದೆ!" ಮಾಲಿನಿಯ ದನಿ ಬೀದಿಗೆ ಕೇಳುವಂತೆ ಏರಿತು. "ಮುಂದಿನ ವರ್ಷಕ್ಕೆ ಸತ್ತೋಳ್ಗೆ ಬಾ ಅನ್ನನಾ?"

"ನನ್ ಕೆಲ್ಸ ಸರಿಯಿಲ್ಲ ಅಂತ್ಲೇ ಏಳ್ಬುಡಣ್ಣ, ಒಂಟೋಯ್ತೀನಿ" ಎಂದು ಚಿಕ್ಕಪ್ಪ ಸ್ಕ್ರೂಡ್ರೈವರನ್ನು ಚಾಪೆಯ ಮೇಲೆ ಎಸೆದ.

ಅಪ್ಪ ಇಬ್ಬರನ್ನೂ ಬಿಟ್ಟು ನಾಗಶ್ರೀಯ ಕಡೆ ತಿರುಗಿದ. "ನೀನೇಳವ್ವ. ನೀನ್ ಓದ್ಕಂಡಿರೋಳು. ಕೊಂಡ್ಕಳದೇ ವಾಸಿ ಅಲ್ವಾ?"

ಆ ಕಣ್ಣುಗಳನ್ನು ಅವಳು ಹಿಂದೆಂದೂ ಹಾಗೆ ಕಂಡಿರಲಿಲ್ಲ. 'ಹೂಂ' ಅಂದರೆ ಸಾಕಾಗಿತ್ತು. ಮಾಲಿನಿ ಅತ್ತುಕೊಂಡು ಹನೂರಿಗೆ ಹೋಗುವಳು, ಚಿಕ್ಕಪ್ಪ ಮುನಿಸಿಕೊಂಡು ಯಳಂದೂರಿಗೆ ಹೋಗುವನು. ಡಿಸ್ಕು ಬೀರು ಸೇರುವುದು. ಮತ್ತೊಂದು ಯುಗಾದಿ, ಮತ್ತೊಂದು ಆಷಾಢ; ಯಾವ ಕಂಪನಿಯದು, ಎಂಥದು ಎಂದು ಅಪ್ಪನೂ ಅವಳೂ ಮಾತಾಡುತ್ತಲೇ ಮುದುಕರಾಗಬಹುದು. 'ಹೂಂ' ಎಂಬುದು ನಾಲಿಗೆಯ ತುದಿಗೆ ಬಂದು ಕೂತೂ ಇತ್ತು. ಅಪ್ಪನ ಹೆಬ್ಬೆರಳು ಮಾತ್ರ ಆ ಬಿಳಿ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಸವರುತ್ತಿತ್ತು, ಮಲಗಿಸಿದ ಮಗುವನ್ನು ಸವರುವ ಹಾಗೆ.

ಅವಳು ಚಾಪೆ ದಾಟಿ ಹೋಗಿ ಅವನ ಕಾಲ ಬಳಿ ಕೂತಳು. ಅವನ ಕೈಯ ಮೇಲೆ ಕೈಯಿಟ್ಟಳು. ಕೈ ನಡುಗುತ್ತಿತ್ತು, ಯಾರದ್ದೆಂದು ತಿಳಿಯಲಿಲ್ಲ. ಹಜಾರದಲ್ಲಿದ್ದ ಎಲ್ಲರಿಗೂ ಕೇಳುವ ದನಿಯಲ್ಲಿ ಅಂದಳು:

"ಕೊಂಡ್ರೂ ಅಷ್ಟೇ, ಕಟ್ಟುದ್ರೂ ಅಷ್ಟೇ, ಅಪ್ಪ. ಇದ್ರೊಳಗೆ ಅವ್ವ ಇಲ್ಲ."