ವಾಲದ ಕಾರು

ನಾನು ಒಂದು ಉಕ್ಕಿನ ಸರಳು. ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ, ನೆಲದಿಂದ ಗೇಣುದ್ದ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗ ನನ್ನದು. ಅಂಗಡಿಯವರು ನನ್ನನ್ನು ಆಂಟಿ ರೋಲ್ ಬಾರ್ ಎನ್ನುತ್ತಾರೆ. ಮೆಕ್ಯಾನಿಕ್‌ಗಳಿಗೆ ನಾನು ಬರೀ ರಾಡ್.

ಹುಟ್ಟಿದ್ದು ಕೊಯಮತ್ತೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎರಡೂ ತುದಿ ಬಗ್ಗಿಸಿ, ಎಣ್ಣೆಗೆ ಅದ್ದಿದರು. ಆಮೇಲೆ ಸಣ್ಣ ಉರಿಯಲ್ಲಿ ಮತ್ತೆ ಇಟ್ಟರು. ಎಣ್ಣೆ ನನ್ನನ್ನು ಗಟ್ಟಿ ಮಾಡಿತು. ಎರಡನೆಯ ಉರಿ, ಮುರಿಯದೆ ತಿರುಚಿಕೊಳ್ಳುವುದನ್ನು ಕಲಿಸಿತು. ತಿರುಚಿಕೊಳ್ಳುವುದೇ ನನ್ನ ಕೆಲಸ.

ತಿರುವಿನಲ್ಲಿ ಕಾರಿನ ಮೈ ಒಂದು ಕಡೆಗೆ ವಾಲುತ್ತದೆ. ಆ ಕಡೆಯ ಚಕ್ರದ ಮೇಲೆ ಭಾರ ಬೀಳುತ್ತದೆ. ನಾನು ತಿರುಚಿಕೊಂಡು ಆ ಭಾರಕ್ಕೆ ಹೆಗಲು ಕೊಡುತ್ತೇನೆ. ಹಾಗೆ ಮಾಡುವಾಗ ಈ ಕಡೆಯ ಚಕ್ರವನ್ನೂ ಸ್ವಲ್ಪ ಮೇಲಕ್ಕೆ ಎಳೆಯುತ್ತೇನೆ. ಒಂದು ಚಕ್ರದ ಕಷ್ಟ ಇನ್ನೊಂದಕ್ಕೆ ತಿಳಿಯುವುದು ನನ್ನಿಂದ. ಕಾರಿನೊಂದಿಗೆ ಬರುವ ಸರಳು ತೆಳ್ಳಗಿರುತ್ತದೆ, ಕಾರು ವಾಲಲು ಬಿಡುತ್ತದೆ. ನಾನು ದಪ್ಪ. ನಾನಿದ್ದರೆ ಕಾರು ವಾಲುವುದಿಲ್ಲ. ಆದರೆ ಹಿಂದಿನ ಚಕ್ರಗಳು ಮೊದಲಿನಷ್ಟು ಗಟ್ಟಿಯಾಗಿ ನೆಲ ಹಿಡಿದಿರುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನನ್ನು ಮೊದಲು ಕೊಂಡವನು ಮೈಸೂರಿನ ಪೂಣಚ್ಚ. ಅವನು ಭಾನುವಾರಗಳಲ್ಲಿ ಮೈದಾನದಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ನಡೆಸುವ ರೇಸುಗಳಿಗೆ ಹೋಗುತ್ತಿದ್ದ. ಕೋನಿನ ಸುತ್ತ ಕಾರಿನ ಹಿಂಭಾಗ ಬೀಸಿಕೊಂಡು ತಿರುಗಬೇಕು, ಅದೇ ಅವನಿಗೆ ಬೇಕಾದದ್ದು. ಅಲ್ಲಿ ಜಾರುವುದು ಜಾಣತನ. ಜಾರಿದರೆ ಗುದ್ದಲು ಏನೂ ಇರಲಿಲ್ಲ. ನನಗೆ ಆಗ ಹೆದರಿಕೆ ಎಂದರೇನು ಎಂಬುದೇ ತಿಳಿದಿರಲಿಲ್ಲ.

ಪೂಣಚ್ಚ ಬೇರೆ ಕಾರು ಕೊಂಡಾಗ ನನ್ನನ್ನು ಮಾರಲು ಇಟ್ಟ. ಹನೂರಿನಿಂದ ಒಬ್ಬರು ಬಂದರು. ಹೆಸರು ನಿರಂಜನ. ಊರಿನಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವರು. ನನ್ನನ್ನು ಎತ್ತಿ ತೂಗಿ ನೋಡಿದರು.

"ಮನೆ ಗಾಡಿಗೆ ಯಾಕೆ ಬ್ರದರ್ ಇದು?" ಎಂದ ಪೂಣಚ್ಚ.

"ಮನೆಯವ್ರು ಬೆಟ್ಟದ ಮೇಲೆ ಹೈಸ್ಕೂಲಲ್ಲಿ ಟೀಚರ್. ದಿನಾ ಘಾಟಿ ಹತ್ತಿ ಇಳೀಬೇಕು. ತಿರುವಲ್ಲಿ ಗಾಡಿ ವಾಲ್ತದೆ ಅಂತ ಜೀವ ಕೈಲಿ ಹಿಡ್ಕೊಂಡು ಓಡಿಸ್ತಾರೆ."

"ವಾಲೋದು ನಿಂತುಹೋಗುತ್ತೆ. ಆದ್ರೆ ಹಿಂದಿನ ಟೈರ್ ಚೆನ್ನಾಗಿರ್ಬೇಕು. ಮಳೇಲಿ ಹಿಂದುಗಡೆ ಬೀಸುತ್ತೆ, ಹೇಳಿರ್ತೀನಿ."

"ಎರಡು ಟೈರ್ ಹೊಸವೇ ತಗೊಂಡಿದೀನಿ ಬಿಡಿ," ಎಂದರು ನಿರಂಜನ.

ಅವರು ಸುಳ್ಳು ಹೇಳಲಿಲ್ಲ. ಹೊಸ ಟೈರುಗಳು ಮನೆಯ ಜಗಲಿಯ ಮೇಲೆ ಕಾಯುತ್ತಿದ್ದವು. ಅಲ್ಲೇ ಅವರ ತಂದೆ ಪುಟ್ಟನಂಜಪ್ಪನವರೂ ಕೂತಿದ್ದರು. ಅವರು ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರ್. ಕೆಲಸದಲ್ಲಿದ್ದಷ್ಟು ಕಾಲವೂ ಇದೇ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿದವರು.

ನಿರಂಜನ ಕಾರನ್ನು ಜಾಕಿನ ಮೇಲೆ ನಿಲ್ಲಿಸಿ, ತೆಳ್ಳಗಿನ ಹಳೆಯ ಸರಳನ್ನು ಬಿಚ್ಚಿ, ಹೊಸ ರಬ್ಬರ್ ಬುಷ್ ಹಾಕಿ ನನ್ನನ್ನು ಕೂರಿಸಿದರು. ಆಮೇಲೆ ಹೊಸ ಟೈರನ್ನು ಹಿಂದಕ್ಕೆ ಉರುಳಿಸಿಕೊಂಡು ಬಂದರು. ಮುದುಕರು ಜಗಲಿಯಿಂದಲೇ ಕೂಗಿದರು.

"ಏನ್ಲಾ ಅದು, ಹೊಸ ಟೈರ್ ಹಿಂದಕ್ಕೆ ಹಾಕ್ತಾ ಇದೀಯೆ?"

"ಮೈಸೂರವ್ರು ಹಿಂದಿನ ಟೈರ್ ಚೆನ್ನಾಗಿರ್ಲಿ ಅಂದ್ರು ಕಣಪ್ಪ."

"ಮೈಸೂರವ್ರು ಬೆಟ್ಟ ಯಾವಾಗ್ಲಾ ಇಳಿದವ್ರೆ? ಮುಂದ್ಲು ಟೈರ್ ಸಿಡಿದ್ರೆ ಸ್ಟೇರಿಂಗ್ ಕೈಲಿ ನಿಲ್ಲದಿಲ್ಲ. ಹೊಸವು ಮುಂದಕ್ಕೆ, ಸವೆದವು ಹಿಂದಕ್ಕೆ. ಡಿಪೋಲಿ ಯಾರ್ನಾರ ಕೇಳ್ಕಂಡು ಬಾ. ಸೊಸೆ ಓಡ್ಸೋ ಗಾಡಿ, ಆಟ ಆಡ್ಬೇಡ."

ಬಸ್ಸಿಗೆ ಆ ಮಾತು ಸರಿ. ಬಸ್ಸಿನ ಹಿಂದೆ ನಾಲ್ಕು ಚಕ್ರಗಳಿರುತ್ತವೆ, ಮೇಲೆ ಜನರ ಭಾರವಿರುತ್ತದೆ. ನಮ್ಮ ಕಾರಿನ ಹಿಂದೆ ಇದ್ದದ್ದು ಎರಡೇ. ಅವುಗಳ ನಡುವೆ ನಾನು. ನಿರಂಜನ ಒಂದು ಗಳಿಗೆ ಟೈರು ಹಿಡಿದು ನಿಂತರು. ಆಮೇಲೆ ಅದನ್ನು ಮುಂದಕ್ಕೆ ಉರುಳಿಸಿಕೊಂಡು ಹೋದರು. ಸವೆದ ಎರಡು ಟೈರುಗಳು ನನ್ನ ಪಾಲಿಗೆ ಬಂದವು. ಮಳೆನೀರು ಹರಿದುಹೋಗಲು ಅವುಗಳಲ್ಲಿ ಗೀರುಗಳೇ ಉಳಿದಿರಲಿಲ್ಲ.

ತಂದೆ, ಮಗ ಇಬ್ಬರೂ ನಿರಂಜನರ ಹೆಂಡತಿ ಕುಮುದಾಳ ಒಳ್ಳೆಯದಕ್ಕೇ ಮಾಡಿದರು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನ ಕುಮುದಾ ಕಾರು ತೆಗೆದಳು. ಘಾಟಿಯ ಬುಡದ ತಾಳಬೆಟ್ಟ ದಾಟಿ ಮೊದಲ ದೊಡ್ಡ ತಿರುವು ಬಂದಾಗ ಅವಳ ಕಾಲು ಅಭ್ಯಾಸದಂತೆ ಆಕ್ಸಿಲರೇಟರಿನಿಂದ ಮೇಲೆದ್ದಿತು. ಕಾರು ವಾಲಲಿಲ್ಲ. ಮುಂದಿನ ತಿರುವಿನಲ್ಲೂ ವಾಲಲಿಲ್ಲ. ಸಂಜೆ ಮನೆಗೆ ಬಂದು, "ರೀ, ಏನ್ ಮಾಯ ಮಾಡಿದ್ರಿ? ಹಳಿ ಮೇಲೆ ಹೋದ ಹಾಗೆ ಹೋಗುತ್ತೆ!" ಎಂದಳು. ನಿರಂಜನ ನಕ್ಕರು. ಹಲವು ದಿನ ಆ ನಗು ಅವರ ಮುಖದಿಂದ ಹೋಗಲಿಲ್ಲ.

ಅವಳ ಹೆದರಿಕೆ ದಿನದಿನಕ್ಕೆ ಕಡಿಮೆಯಾಯಿತು. ಅದನ್ನು ನಾನು ಅಳೆಯಬಲ್ಲವನಾಗಿದ್ದೆ, ಏಕೆಂದರೆ ನನ್ನ ತಿರುಚು ದಿನದಿನಕ್ಕೆ ಹೆಚ್ಚಾಯಿತು. ಮೊದಲು ತಿರುವಿಗೆ ಬಹಳ ಮುಂಚೆ ನಿಧಾನಿಸುತ್ತಿದ್ದವಳು ಈಗ ತಿರುವಿನೊಳಗೆ ಬಂದ ಮೇಲೆ ನಿಧಾನಿಸುತ್ತಿದ್ದಳು. ಜೊತೆಗೆ ಬರುವ ಟೀಚರ್ ಒಬ್ಬರು, "ಕುಮುದಾ ಮೇಡಂ, ನಿಮ್ಮ ಕಾರಲ್ಲಿ ನಂಗೀಗ ವಾಂತಿ ಬರಲ್ಲ ಕಣ್ರೀ, ನಿಂಬೆಹಣ್ಣು ದಂಡ ಆಯ್ತು" ಎಂದರು. ಅವಳು ಹಾಡು ಹಾಕಿದಳು.

ಅವಳು ಹಾಡು ಹಾಕಿದ ದಿನದಿಂದ ನನಗೆ ಭಯ ಶುರುವಾಯಿತು. ವಾಲುವುದು ಒಂದು ಮಾತು. ನೆಲ ಕೈಬಿಡುವ ಮೊದಲು ಕಾರು ಆಡುವ ಮಾತು ಅದು. ಅವಳಿಗೆ ಅದೊಂದೇ ಮಾತು ಅರ್ಥವಾಗುತ್ತಿತ್ತು. ನಾನು ಬಂದು ಅದನ್ನು ನಿಲ್ಲಿಸಿದ್ದೆ. ಬೇರೆ ಮಾತು ನನಗೆ ಬರುತ್ತಿರಲಿಲ್ಲ.

ಬೇಸಿಗೆಯ ಒಣ ರಸ್ತೆ ಎಲ್ಲವನ್ನೂ ಕ್ಷಮಿಸಿತು. ಒಮ್ಮೆ ಮುಂಗಾರಿನ ತುಂತುರಿನಲ್ಲಿ ಹಿಂದಿನ ಎಡ ಚಕ್ರ ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು. ನಾನು ಮೈಯೆಲ್ಲ ಬಿಗಿದುಕೊಂಡೆ. ಕುಮುದಾ, "ಕಲ್ಲು ಸಿಕ್ತೇನೋ" ಎಂದುಕೊಂಡು ಮುಂದೆ ಹೋದಳು. ಆ ಮೇಲೆ ಆಕಾಶ ಕಪ್ಪಾದಾಗಲೆಲ್ಲ ನಾನು ಮುಂದಿನ ತಿರುವನ್ನು ಲೆಕ್ಕ ಹಾಕುತ್ತಿದ್ದೆ. ರಾತ್ರಿ ಮನೆಯ ಮುಂದೆ ನಿಂತಾಗಲೂ ಹಾಕುತ್ತಿದ್ದೆ.

ಹಿಂಗಾರು ಹಿಡಿದುಕೊಂಡ ಒಂದು ದಿನ ಪುಟ್ಟನಂಜಪ್ಪನವರೂ ಸೊಸೆಯ ಜೊತೆ ಬೆಟ್ಟಕ್ಕೆ ಬಂದಿದ್ದರು. ಹಳೆಯ ಕಂಡಕ್ಟರ್ ಸ್ನೇಹಿತರನ್ನು ನೋಡಿ, ಮಧ್ಯಾಹ್ನದ ಮೇಲೆ ಶಾಲೆ ಬಿಟ್ಟಾಗ ಅವಳ ಪಕ್ಕದಲ್ಲಿ ಕೂತರು. ಇಳಿಯುವಾಗ ಮಳೆ ಬರುತ್ತಿತ್ತು. ಬಸ್ಸುಗಳು ಸುರಿಸಿದ ಎಣ್ಣೆಯ ಮೇಲೆ ನೀರು ಬಿದ್ದು ರಸ್ತೆ ಹೊಳೆಯುತ್ತಿತ್ತು.

"ಪರ್ವಾಗಿಲ್ಲ ಕಣವ್ವ, ಚೆಂದಾಗಿ ಓಡಿಸ್ತೀಯೆ," ಎಂದರು ಮಾವ. "ನನ್ ಮಗನ್ಗಿಂತ ವಾಸಿ. ಅವ್ನು ಗೇರ್ ಹಾಕದು ರಾಗಿ ಕಲ್ಲು ತಿರುಗಿಸ್ದಂಗೆ."

ಕುಮುದಾ ನಕ್ಕಳು. ಹೊಗಳಿಕೆ ಅವಳಿಗೆ ಹಿತವಾಯಿತು. ಅದೇ ನಗುವಿನಲ್ಲಿ ಬಲಕ್ಕೆ ಕಡಿದಾಗಿ ಹೊರಳುವ ತಿರುವಿಗೆ ಇಳಿದಳು.

ತಿರುವಿನ ಹೊರಬದಿಯಲ್ಲಿ, ತಡೆಗೋಡೆಯ ಪಕ್ಕ, ಬೆಟ್ಟಕ್ಕೆ ನಡೆದು ಹೋಗುವ ಭಕ್ತರ ಒಂದು ಸಾಲು ಪ್ಲಾಸ್ಟಿಕ್ ಹೊದ್ದುಕೊಂಡು ಬರುತ್ತಿತ್ತು. ಅವಳು ಅವರನ್ನು ಕಂಡಳು. ಕಾಲು ತೆಗೆದು ಬ್ರೇಕ್ ಮುಟ್ಟಿದಳು. ಯಾರಾದರೂ ಅದನ್ನೇ ಮಾಡುತ್ತಿದ್ದರು.

ಭಾರವೆಲ್ಲ ಮುಂದಕ್ಕೆ ಹೋಯಿತು. ಮುಂದಿನ ಹೊಸ ಟೈರುಗಳು ರಸ್ತೆಯನ್ನು ಕಚ್ಚಿ ಹಿಡಿದವು. ಹಿಂದೆ ನಾನು ಒಳಗಿನ ಚಕ್ರವನ್ನು ಮೇಲಕ್ಕೆ ಎಳೆದೆ. ಎಳೆಯಬಾರದು ಎಂದು ಗೊತ್ತಿತ್ತು. ಆದರೆ ಸರಳಿಗೆ ಬೇಡ ಎನ್ನಲು ಬರುವುದಿಲ್ಲ. ಹೊರಗಿನ ಚಕ್ರ ಒಂಟಿಯಾಗಿ ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಬಿಟ್ಟಿತು.

ಹಿಂಭಾಗ ಬೀಸಿತು. ಬಂಡೆ, ಮರ, ಆಕಾಶ ಎಲ್ಲ ಪಕ್ಕಕ್ಕೆ ಓಡಿದವು. ಪ್ಲಾಸ್ಟಿಕ್ ಹೊದ್ದವರು ಕೂಗುತ್ತ ಚೆದುರಿದರು. ಪುಟ್ಟನಂಜಪ್ಪನವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ ಸದ್ದು ಕಾರಿನ ತಳದ ತಗಡಿನ ಮೂಲಕ ನನಗೆ ಕೇಳಿಸಿತು. ಬಂಪರ್ ತಡೆಗೋಡೆಗೆ ತಾಗಿ ಕಾರು ನಿಂತಿತು. ಅದರ ಮೂತಿ ಈಗ ಬಂದ ದಾರಿಯ ಕಡೆಗಿತ್ತು. ಹಿಂದಿನ ಚಕ್ರಕ್ಕೂ ಒಬ್ಬ ಹೆಂಗಸಿನ ಪಾದಕ್ಕೂ ನಡುವೆ ಒಂದು ಮೊಳ ಜಾಗವಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ಆ ಹೆಂಗಸು ಮೊದಲು ತನ್ನ ಕಾಲನ್ನು ನೋಡಿಕೊಂಡಳು. ಆಮೇಲೆ ಕಿಟಕಿಗೆ ಬಗ್ಗಿ, "ಯಾಕವ್ವ, ದೇವಸ್ಥಾನದಲ್ಲಿ ಏನಾರ ಮರ್ತು ಬಂದ್ಯಾ? ಹಿಂಗಾ ವಾಪಸ್ ತಿರುಗ್ಸದು?" ಎಂದಳು. ಸುತ್ತ ನಿಂತವರು ನಕ್ಕರು. ಒಬ್ಬ ತನ್ನ ಬಾಟಲಿಯ ನೀರನ್ನು ಕುಮುದಾಳಿಗೆ ಕೊಟ್ಟ.

ಪುಟ್ಟನಂಜಪ್ಪನವರು ಇಳಿದು ತಡೆಗೋಡೆಯ ಮೇಲೆ ಮಳೆಯಲ್ಲೇ ಕೂತರು.

"ಮಾವ, ನಾನೇನ್ ತಪ್ಪು ಮಾಡಿದೆ?" ಎಂದಳು ಕುಮುದಾ.

"ನೀ ಏನೂ ಮಾಡ್ನಿಲ್ಲ ಕಣವ್ವ," ಎಂದರು.

ಮನೆಗೆ ಬಂದ ಮೇಲೆ ತಂದೆ ಮಗ ಜಗಳಕ್ಕೆ ಬಿದ್ದರು. ನಿರಂಜನ ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನನ್ನನ್ನು ನೋಡುತ್ತಿದ್ದರು.

"ನಿನ್ ಕಬ್ಬಿಣ ಮಾಡಿದ್ದು ಇದು! ಕಂಪನಿಯವ್ರಿಗೆ ಬುದ್ಧಿ ಇರ್ನಿಲ್ವಾ, ನೀ ದಪ್ಪಂದು ತಂದು ಹಾಕ್ದೆ?"

"ಟೈರ್ ಹಿಂದಕ್ಕೆ ಹಾಕ್ತೀನಿ ಅಂದಾಗ ಬೇಡ ಅಂದಿದ್ದು ಯಾರಪ್ಪ?"

"ನಾ ಬಸ್ಸಿಂದು ಹೇಳ್ದೆ ಕಣ್ಲಾ!"

"ಇದು ಬಸ್ಸಾ?"

ಕುಮುದಾ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ.

"ನಂಗೆ ಕಾರು ಓಡ್ಸೋಕೆ ಬಂತು ಅಂದ್ಕೊಂಡಿದ್ದೆ," ಎಂದಳು.

ನಿರಂಜನರ ಟಾರ್ಚ್ ನನ್ನ ಮೇಲಿಂದ ಸರಿದು ಅವಳ ಕಾಲಿನ ಕಡೆ ತಿರುಗಿತು.

"ಇಷ್ಟು ದಿನ ನಾನೇ ಓಡಿಸ್ತಿದ್ದೀನಿ, ಕಲಿತ್ಬಿಟ್ಟೆ ಅಂತಿದ್ದೆ. ಹೆದರಿಕೆ ಹೋಯ್ತು ಅಂತ ಖುಷಿಪಟ್ಟೆ. ಅದು ಹೋಗಿರ್ಲಿಲ್ಲ. ನೀವು ಬಿಚ್ಚಿ ಇಟ್ಟಿದ್ರಿ. ನಂಗೊಂದು ಮಾತು ಹೇಳಿದ್ರಾ? ಏನ್ ಹಾಕಿದ್ದೀವಿ, ಯಾವಾಗ ಜಾರುತ್ತೆ, ಒಬ್ರಾದ್ರೂ ಹೇಳಿದ್ರಾ?"

ಟಾರ್ಚ್ ಉರಿಯುತ್ತಲೇ ಇತ್ತು. ನಿರಂಜನ ಕಾರಿನ ಕೆಳಗಿನಿಂದ ಹೊರಗೆ ಬರಲು ಬಹಳ ಹೊತ್ತು ತೆಗೆದುಕೊಂಡರು.

ಅವಳು ಕೆಲವು ವಾರ ಬಸ್ಸಿನಲ್ಲಿ ಹೋದಳು. ಕಾರು ಮನೆಯ ಮುಂದೆ ಧೂಳು ತಿಂದುಕೊಂಡು ನಿಂತಿತು. ಇನ್ನು ಇವಳು ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ನಾನು ಎಣಿಸಿದ್ದೆ. ಆ ಎಣಿಕೆ ಮನೆಯವರಿಗೂ ಇತ್ತು. ಮಾರುವ ಮಾತೂ ಒಮ್ಮೆ ಬಂತು. ಆದರೆ ಒಂದು ಭಾನುವಾರ ಕುಮುದಾಳೇ ಜಾಕ್ ತೆಗೆದು ಗಂಡನ ಮುಂದೆ ಇಟ್ಟಳು. "ತೆಳ್ಳಗಿಂದೇ ಹಾಕಿ. ವಾಲಿದ್ರೆ ವಾಲ್ಲಿ. ಹಿಂದಕ್ಕೆ ಎರಡು ಹೊಸ ಟೈರ್ ತನ್ನಿ. ನೀವು ಬಿಚ್ಚೋದು ಹಾಕೋದು ಎಲ್ಲಾ ನಾನು ನೋಡ್ಬೇಕು." ಚಾಪೆ ಹಾಸಿಕೊಂಡು ಅವಳೂ ಕಾರಿನ ಕೆಳಗೆ ಬಂದಳು. ನನ್ನನ್ನು ಅವಳು ನೋಡಿದ್ದು ಅದೇ ಮೊದಲು. ಬೆರಳಿನಿಂದ ಮುಟ್ಟಿ, "ಇಷ್ಟೇನಾ!" ಎಂದಳು.

ಮೊದಲ ದಿನ ಮಾವನವರು ತಾವೂ ಪಕ್ಕದಲ್ಲಿ ಬರುವುದಾಗಿ ಹೊರಟರು.

"ಬೇಡ ಮಾವ. ನೀವು ಕೂತ್ರೆ ನಿಮ್ಮ ಕಾಲು ಬ್ರೇಕ್ ತುಳೀತಾ ಇರುತ್ತೆ. ನಾನು ರೋಡ್ ನೋಡ್ಲಾ, ನಿಮ್ಮ ಕಾಲು ನೋಡ್ಲಾ?"

ಒಬ್ಬಳೇ ಹೋದಳು.

ಈಗ ನಾನು ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿದ್ದೇನೆ. ನಿರಂಜನ ನನ್ನನ್ನು ಯಾರಿಗೂ ಮಾರಲಿಲ್ಲ. ಗಿರಾಕಿ ಬಂದರೂ ಕೊಡುವುದಿಲ್ಲ ಎಂದರು. ಬಣ್ಣ ಎದ್ದ ಕಡೆ ತುಕ್ಕು ಹಿಡಿಯುತ್ತಿದೆ.

ಕಾರಿನ ಅಡಿಯಲ್ಲಿದ್ದಾಗ ನನಗೆ ಭಯವಿತ್ತು, ಆದರೆ ಏನಾಗುತ್ತಿದೆ ಎಂಬುದು ಮೈಗೆ ತಿಳಿಯುತ್ತಿತ್ತು. ಇಲ್ಲಿ ತಿಳಿಯುವುದಿಲ್ಲ. ಬೆಟ್ಟದ ಕಡೆ ಮೋಡ ಕಟ್ಟುತ್ತದೆ. ಅವಳು ಯಾವ ತಿರುವಿನಲ್ಲಿದ್ದಾಳೆ, ಚಕ್ರ ಏನು ಹೇಳುತ್ತಿದೆ, ಗೊತ್ತಿಲ್ಲ. ಮನೆಯಲ್ಲಿ ಉಳಿದವರ ಭಯಕ್ಕೆ ತಿರುಚಿಕೊಳ್ಳಲೂ ಏನೂ ಇರುವುದಿಲ್ಲ. ಅದು ಸುಮ್ಮನೆ ಕೂರಬೇಕು.

ಮೊನ್ನೆ ಜೋರು ಮಳೆ. ಅವಳು ಬರುವ ಹೊತ್ತು ದಾಟಿತು. ಪುಟ್ಟನಂಜಪ್ಪನವರು ಕುರ್ಚಿಯನ್ನು ಜಗಲಿಯ ತುದಿಗೆ ಎಳೆದುಕೊಂಡು ಕೂತರು. ಫೋನು ಕೈಗೆ ತೆಗೆದುಕೊಂಡರು. ಓಡಿಸುವಾಗ ಎತ್ತಿಬಿಟ್ಟಾಳು ಎಂದು ಕೆಳಗಿಟ್ಟರು. ಮತ್ತೆ ತೆಗೆದುಕೊಂಡರು. ಮತ್ತೆ ಇಟ್ಟರು. ನಿರಂಜನ ಅಂಗಡಿಯಿಂದ ಬೇಗ ಬಂದು ಗೇಟಿನ ಬಳಿ ಕೊಡೆ ಹಿಡಿದು ನಿಂತರು.

ಕತ್ತಲಾಗುವ ಹೊತ್ತಿಗೆ ಕಾರಿನ ದೀಪ ಕಂಡಿತು. ಕುಮುದಾ ಇಳಿದು ಬ್ಯಾಗು ತಲೆಯ ಮೇಲಿಟ್ಟುಕೊಂಡು ಓಡಿಬಂದಳು.

"ಯಾಕವ್ವ ತಡ?" ಎಂದರು ಮಾವ, ಏನೂ ಆಗದವರಂತೆ.

"ಮಳೆ ಅಲ್ವಾ ಮಾವ. ಹೆದರಿಕೆ ಆಯ್ತು. ತಾಳಬೆಟ್ಟದವರೆಗೂ ಎರಡನೇ ಗೇರಲ್ಲೇ ಬಂದೆ."

ಆ ಮನೆಯಲ್ಲಿ ತನಗೆ ಹೆದರಿಕೆಯಾಯಿತು ಎಂದು ಯಾರಾದರೂ ತಲೆ ಎತ್ತಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಂಗೂ ಆಯ್ತು ಕಣವ್ವ," ಎಂದರು ಮುದುಕರು.