ಮಾತ್ರೆಯ ಹಿಡಿತ ಬಿಡಿಸಿಕೊಂಡ ಟೈಲರಕ್ಕ

ಬೀದಿಯ ಹೆಂಗಸರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ದಿನವಿಡೀ ಬಗ್ಗಿ ಹೊಲಿಯುವವಳಿಗೆ ಕತ್ತು ನೋವು ಬಾರದೆ ಇರುತ್ತದೆಯೇ? ಡಾಕ್ಟರು ಐದು ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ನೋವು ಮಾಯವಾಯಿತು, ಜೊತೆಗೆ ಮೈ ಹಗುರ, ಮನಸ್ಸೂ ಹಗುರ. ಐದು ದಿನ ಐದು ತಿಂಗಳಾಯಿತು. ಹಳೇ ಚೀಟಿ ತೋರಿಸಿ ಅಂಗಡಿಯಿಂದ ಅಂಗಡಿಗೆ ಅಲೆದಳು. ಒಂದು ಸಾಲದೆ ಎರಡು, ಎರಡು ಸಾಲದೆ ನಾಲ್ಕು.

ಒಂದು ದಿನ ಅಂಗಿಯ ಗುಂಡಿ ಕಿತ್ತುಹೋಯಿತೆಂದು ಗಂಡ ಗುಂಡಿ ಡಬ್ಬಿ ತೆರೆದ. ಒಳಗೆ ರಾಶಿ ಮಾತ್ರೆ! ಅವನ ಪಿತ್ತ ನೆತ್ತಿಗೇರಿತು. ಎಲ್ಲವನ್ನೂ ಚರಂಡಿಗೆ ಸುರಿದ.

"ಇವತ್ತಿಂದ ಒಂದೂ ಮುಟ್ಟಕೂಡದು!"

ಎರಡನೇ ದಿನಕ್ಕೆ ಟೈಲರಕ್ಕ ಬೆವರಿ ನಡುಗುತ್ತ ಮಲಗಿಬಿಟ್ಟಳು. ವಾಂತಿ, ಭೇದಿ. ಸೂಜಿಗೆ ದಾರ ಪೋಣಿಸುವ ಕೈಗೆ ನೀರಿನ ಲೋಟ ಹಿಡಿಯಲಾಗಲಿಲ್ಲ. ಅತ್ತೆ ಗಾಬರಿಯಾಗಿ ಪಕ್ಕದ ಮನೆಯ ನರ್ಸಮ್ಮನನ್ನು ಕರೆತಂದಳು.

"ಒಂದೇ ಸಲ ನಿಲ್ಲಿಸಿಬಿಟ್ರಾ? ಡಾಕ್ಟರನ್ನ ಕೇಳದೆ ಹಾಗೆ ಮಾಡಬಾರದು ಅಣ್ಣ."

"ಇದೇನು ಗಾಂಜಾನಾ, ಹೆಂಡಾನಾ? ಡಾಕ್ಟರೇ ಕೊಟ್ಟಿದ್ದು ತಾನೇ?" ಎಂದ ಗಂಡ.

"ಅವರು ಕೊಟ್ಟಿದ್ದು ಐದು ದಿನಕ್ಕೆ. ಈ ಜಾತಿ ಮಾತ್ರೆ ಬಹಳ ದಿನ ನುಂಗಿದ್ರೆ ಮೈ ಅದಕ್ಕೇ ಒಗ್ಗಿಹೋಗುತ್ತೆ. ವಿಪರೀತ ಆದ್ರೆ ಉಸಿರೇ ನಿಂತುಹೋಗಬಹುದು. ಜೊತೆಗೆ ಹೆಂಡನೋ ನಿದ್ದೆ ಮಾತ್ರೆನೋ ಸೇರಿದ್ರಂತೂ ಕೇಳಲೇಬೇಡಿ."

ಅತ್ತೆ ಮೂಗು ಮುರಿದಳು. "ಮನಸ್ಸು ಗಟ್ಟಿ ಇದ್ದಿದ್ರೆ ಇದೆಲ್ಲ ಆಗ್ತಿತ್ತೇನೇ?"

"ಮನಸ್ಸು ಗಟ್ಟಿ ಮಾಡ್ಕೊಂಡು ನಿಮ್ಮ ಸಕ್ಕರೆ ಕಾಯಿಲೆ ಓಡಿಸಿದ್ರಾ ಅಮ್ಮ? ಇದೂ ಕಾಯಿಲೆನೇ. ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ."

ಮುಸುಕು ಹಾಕಿ ಮಲಗಿದ್ದ ಟೈಲರಕ್ಕ ಮೆಲ್ಲಗೆ ಹೊದಿಕೆ ಸರಿಸಿದಳು. ತನ್ನದೂ ಒಂದು ಕಾಯಿಲೆ ಎಂದು ಹೇಳುವವರು ಸಿಕ್ಕರಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

"ನಾನು ಬರ್ತೀನಿ. ನಡೀರಿ" ಎಂದಳು.

ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲ. ಚಟ ಬಿಡಿಸುವ ಔಷಧಿ ಕೊಟ್ಟರು, ವಾರವಾರವೂ ಕೂರಿಸಿಕೊಂಡು ಮಾತಾಡಿದರು, ಕತ್ತಿಗೆ ವ್ಯಾಯಾಮ ಹೇಳಿಕೊಟ್ಟರು. ಮೂರನೇ ತಿಂಗಳು ಒಮ್ಮೆ ಕಾಲು ಜಾರಿತು. ಎರಡು ಮಾತ್ರೆ ತಂದು ನುಂಗಿಬಿಟ್ಟಳು. ಆದರೆ ಮುಚ್ಚಿಡದೆ ಗಂಡನಿಗೆ ತಾನೇ ಹೇಳಿದಳು. ಈ ಸಲ ಅವನು ಕೂಗಾಡಲಿಲ್ಲ. ಚಪ್ಪಲಿ ಮೆಟ್ಟಿ, "ಬಾ, ಡಾಕ್ಟರ ಹತ್ರ ಹೋಗೋಣ" ಎಂದ.

ವರ್ಷ ತುಂಬಿದಾಗ ಮಹಿಳಾ ಸಂಘದ ಸಭೆಯಲ್ಲಿ ಟೈಲರಕ್ಕ ಎದ್ದು ನಿಂತಳು.

"ನಾನು ಮಾತ್ರೆ ಚಟಕ್ಕೆ ಬಿದ್ದಿದ್ದೆ. ನಡುವೆ ಒಂದು ಸಲ ಎಡವಿದೆ. ಈಗ ಒಂಬತ್ತು ತಿಂಗಳಾಯ್ತು, ಒಂದೂ ಮುಟ್ಟಿಲ್ಲ!"

ಮೊದಲು ಚಪ್ಪಾಳೆ ತಟ್ಟಿದ್ದು ಅತ್ತೆ. "ನನ್ನ ಸೊಸೆ ಕಣ್ರೇ!" ಎಂದು ಎದೆಯುಬ್ಬಿಸಿ ಸುತ್ತಲೂ ನೋಡಿದಳು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಆ ಸದ್ದಿನ ನಡುವೆಯೇ ಇಸ್ತ್ರಿ ಅಂಗಡಿಯವಳು ಟೈಲರಕ್ಕನ ಕೈ ಹಿಡಿದಳು.

"ಅಕ್ಕಾ, ನಮ್ಮನೆಯವರಿಗೂ ಇದೇ ಕಥೆ. ಎಲ್ಲಿಗೆ ಹೋಗಬೇಕು?"

"ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಹೊರಡು. ನಾನೂ ಬರ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರು ಹೇಳಿದ್ದಕ್ಕಿಂತ ಒಂದು ದಿನವೂ ಹೆಚ್ಚಿಗೆ ನೋವಿನ ಮಾತ್ರೆ ನುಂಗಬೇಡಿ. ಇನ್ನೊಬ್ಬರ ಮಾತ್ರೆ ಮುಟ್ಟಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಚಟಕ್ಕೆ ಸಿಕ್ಕಿದ್ದರೆ ಬೈದು ಮೂಲೆಗೆ ತಳ್ಳಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿದ್ದವರು ಖಂಡಿತ ಏಳುತ್ತಾರೆ. ನೀವು ಕೈ ಕೊಡಿ.